ಮುಂದಿನ ಕೋಣೆಯ ಕಾರು

ಬೀದರದ ಮೈಲೂರಿನ ನಮ್ಮ ಮನೆಯ ಒಳ್ಳೆಯ ಕೋಣೆಯಲ್ಲಿ ಕಾರು ಇತ್ತು. ಉಳಿದ ಜಾಗದಲ್ಲಿ ನಾವಿದ್ದೆವು. ಇದನ್ನು ಹೇಳಿದಾಗಲೆಲ್ಲ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನನಗೆ ಆಗಲೂ ನಗು ಬಂದಿರಲಿಲ್ಲ, ಈಗಲೂ ಬರುವುದಿಲ್ಲ. ಆ ಕಾರಿಗೆ ನಂಬರ್ ಇರಲಿಲ್ಲ, ಕಾಗದಪತ್ರ ಇರಲಿಲ್ಲ, ಸರಕಾರದ ಯಾವ ಕಚೇರಿಗೂ ಅದು ಬದುಕಿರುವ ಸುದ್ದಿ ಇರಲಿಲ್ಲ. ಓಡುತ್ತಲೂ ಇರಲಿಲ್ಲ. ಆದರೂ ಬೀದಿಗೆ ಮುಖ ಮಾಡಿದ, ನೆಲಕ್ಕೆ ಶಹಾಬಾದಿ ಕಲ್ಲು ಹಾಸಿದ, ಬೆಳಗಿನ ಬಿಸಿಲು ನೇರ ಒಳಗೆ ಬೀಳುತ್ತಿದ್ದ ಮುಂದಿನ ಕೋಣೆಯನ್ನು ಒಂದು ಸಂದಿ ಬಿಟ್ಟು ಇಡಿಯಾಗಿ ನುಂಗಿಕೊಂಡು ಯಜಮಾನನ ಹಾಗೆ ಕೂತಿತ್ತು. ಮನೆಗೆ ಬಂದವರು ಮೊದಲು ಅದರ ಮುಸುಡಿ ನೋಡಬೇಕು, ಆಮೇಲೆ ಆ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು, ಮೈ ಓರೆ ಮಾಡಿಕೊಂಡು ಒಳಗೆ ಬರಬೇಕು. ಬಾಲ್ಯ ಎಂದು ಕರೆಯಬೇಕಾದ ವರ್ಷಗಳನ್ನು ನಾನು ಮೈ ಓರೆ ಮಾಡಿಕೊಂಡೇ ಕಳೆದೆ.

ಕಾರು ಬರುವ ಮೊದಲು ಅದು ಅವ್ವನ ಕೋಣೆ. ಅವ್ವ ಭಾಲ್ಕಿಯವಳು. ಮದುವೆಯಾಗಿ ಬೀದರಕ್ಕೆ ಬಂದ ಹೊಸದರಲ್ಲಿ ನಮ್ಮ ಓಣಿಯಲ್ಲಿ ಗಾಂಧಿ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಹಮಾಲರು ಕೆಲವರು ಬಾಡಿಗೆಗೆ ಇದ್ದರಂತೆ, ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. ದಿನವಿಡೀ ತೊಗರಿ, ಉದ್ದಿನ ಚೀಲ ಹೊತ್ತು ಬಂದು ಸಂಜೆಗೆ ಒಣ ಬ್ರೆಡ್ಡು ತಿಂದು ಮಲಗುತ್ತಿದ್ದರು. ಅದನ್ನು ನೋಡಲಾರದೆ ಅವ್ವ ಅವರಿಗೂ ನಾಲ್ಕು ರೊಟ್ಟಿ ಬಡಿದುಕೊಡತೊಡಗಿದಳು. ಅದೇ ಬೆಳೆದು, ನನಗೆ ಬುದ್ಧಿ ಬರುವ ಹೊತ್ತಿಗೆ ಮುಂದಿನ ಕೋಣೆ ಒಂದು ಖಾನಾವಳಿಯೇ ಆಗಿತ್ತು. ಮೂಲೆಯಲ್ಲಿ ಒಲೆ, ಪಕ್ಕದಲ್ಲಿ ಹಿಟ್ಟಿನ ಪರಾತ, ಗೋಡೆಯುದ್ದಕ್ಕೂ ಉಣ್ಣುವವರ ಸಾಲು. ಮಧ್ಯಾಹ್ನವಾದರೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಯವರೆಗೆ ಕೇಳುತ್ತಿತ್ತು. ಪುಂಡಿ ಪಲ್ಯ, ಶೇಂಗಾ ಚಟ್ನಿ, ಖಾರದ ಬೇಳೆ, ಹಸಿ ಉಳ್ಳಾಗಡ್ಡಿ. ಮೈಮೇಲೆಲ್ಲ ಧಾನ್ಯದ ಧೂಳು ಮೆತ್ತಿಕೊಂಡು ಬಂದ ಆ ಗಂಡಸರು ಹೊರಗೆ ಎಷ್ಟೇ ಬೈದಾಡಿಕೊಂಡಿದ್ದರೂ ಅವ್ವನ ಮುಂದೆ ಸಾಲಿನಲ್ಲಿ ಕೂತಾಗ ದನಿ ತಗ್ಗಿಸಿ ಮಾತಾಡುತ್ತಿದ್ದರು. ನನ್ನ ಸಾಲಿ, ನನ್ನ ಅಂಗಿ, ಮನೆಯ ಮೇಲಿನ ಹೊಸ ತಗಡು, ಎಲ್ಲ ಬಂದದ್ದು ಆ ಒಲೆಯಿಂದ. ಅವ್ವ ನಗುವುದು ನೋಡಬೇಕಾದರೂ ಆ ಕೋಣೆಗೇ ಬರಬೇಕಾಗಿತ್ತು.

ಅಪ್ಪ ಬೀದರ ಕೋರ್ಟಿನಲ್ಲಿ ಒಬ್ಬ ವಕೀಲರ ಗುಮಾಸ್ತ. ಕರಿಕೋಟು ವಕೀಲರದು, ಆದರೆ ಕಾಯ್ದೆಯೆಲ್ಲ ತನ್ನದೇ ಎಂಬ ಠೀವಿ ಅಪ್ಪನದು. ಪಕ್ಕದ ಮನೆಯ ಕೋಳಿ ನಮ್ಮ ಹಿತ್ತಿಲಿಗೆ ಬಂದರೂ ಅದಕ್ಕೊಂದು ಕಲಮು ಹೇಳುತ್ತಿದ್ದ. ಅಪ್ಪನ ಊರು ಖಟಕ ಚಿಂಚೋಳಿ; ಮನೆತನ ಕುರಿ ಸಾಕುವವರದು. ಮುತ್ಯಾ, ಅಂದರೆ ಅಪ್ಪನ ಅಪ್ಪ, ಕುರಿಯ ಹಿಂದೆ ಔರಾದದ ಕಡೆ ಹೋದಾಗ ಅಲ್ಲಿನ ಒಬ್ಬ ಗುತ್ತೇದಾರನಿಗೆ ಟಗರುಗಳನ್ನು ಕೊಟ್ಟು ಬದಲಿಗೆ ಈ ಕಾರು ತಂದಿದ್ದ. ಬೂದು ಬಣ್ಣದ ಹಳೆಯ ಅಂಬಾಸಿಡರ್. ಅದರ ನೋಂದಣಿ ಗಡಿಯಾಚೆ ಮಹಾರಾಷ್ಟ್ರದಲ್ಲಿ ಆಗಿತ್ತಂತೆ, ಅಲ್ಲೇ ರದ್ದೂ ಆಗಿತ್ತಂತೆ. ಮುತ್ಯಾನಿಗೆ ನಂಬರಿನ ಹಂಗು ಏನಿತ್ತು? ಕುರಿದೊಡ್ಡಿಯಲ್ಲಿ ನಿಲ್ಲಿಸಿದ. ಮಳೆ ಬಂದಾಗ ಮರಿಗಳನ್ನು ಅದರೊಳಗೆ ತುಂಬಿ ಬಾಗಿಲು ಹಾಕುತ್ತಿದ್ದ. ನನ್ನ ಅಭಿಪ್ರಾಯದಲ್ಲಿ ಆ ಕಾರಿನಿಂದ ಆದ ಒಂದೇ ಒಳ್ಳೆಯ ಕೆಲಸ ಅದು.

ಮುತ್ಯಾ ಸತ್ತ ಮೇಲೆ ಅಣ್ಣತಮ್ಮಂದಿರ ಪಾಲಾಯಿತು. ಊರಿನ ಹಿರಿಯರನ್ನು ಕೂರಿಸಿ ದೊಡ್ಡಪ್ಪ ಕೇಳಿದನಂತೆ, ಒಂದು ಕಡೆ ಹೊಲ ಮತ್ತು ಕುರಿ, ಇನ್ನೊಂದು ಕಡೆ ಕಾರು. ಚಿಕ್ಕವನು ಮೊದಲು ಆರಿಸಲಿ. ದೊಡ್ಡಪ್ಪ ಅದನ್ನು ಚೇಷ್ಟೆಗೆ ಕೇಳಿದ್ದು. ಕೊನೆಗೆ ಎಲ್ಲವನ್ನೂ ಸಮ ಹಂಚಿಕೊಳ್ಳುವುದೆಂದು ಅವನ ಮನಸ್ಸಿನಲ್ಲೂ ಇತ್ತೆಂದು ಆಯಿ ಹೇಳುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಆದರೆ ನಮ್ಮಪ್ಪ ಎದ್ದು ನಿಂತು, ಎಲ್ಲರೂ ಕೇಳುವಂತೆ, ಕಾರು ಎಂದುಬಿಟ್ಟ. ಹಿರಿಯರ ಮುಂದೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಗಂಡಸು ನಮ್ಮ ಮನೆತನದಲ್ಲಿ ಹುಟ್ಟಿರಲಿಲ್ಲ. ಹೊಲ ಹೋಯಿತು, ಕುರಿ ಹೋದವು. ಅವ್ವನನ್ನು ಯಾರೂ ಕೇಳಲಿಲ್ಲ. ಅವಳು ಆಗ ಬೀದರದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಗನ ಜೊತೆ ಆಯಿಯೂ ಮೈಲೂರಿಗೆ ಬಂದಳು. ಕಾರಿನ ಸುದ್ದಿ ಅವ್ವನಿಗೆ ಗೊತ್ತಾದದ್ದು ಅದು ಓಣಿಗೆ ಬಂದು ನಿಂತಾಗ.

ಅದು ಬಂದ ರೀತಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನೋಂದಣಿ ಇಲ್ಲದ ಗಾಡಿಯ ಗಾಲಿ ರಸ್ತೆಗೆ ತಾಗಿದರೆ ಅಪರಾಧ, ಮನೆಯೊಳಗೆ ಇಟ್ಟರೆ ಅಪರಾಧವಲ್ಲ. ಇದು ಅಪ್ಪನ ಕಾಯ್ದೆ. ಆದ್ದರಿಂದ ಖಟಕ ಚಿಂಚೋಳಿಯಿಂದ ಭಾಲ್ಕಿಯ ಮೇಲೆ ಹಾದು ಅದು ಗಂಜಿನ ಲಾರಿಯಲ್ಲಿ, ಹುಲ್ಲಿನ ಹಾಸಿಗೆಯ ಮೇಲೆ, ಹಗ್ಗ ಬಿಗಿಸಿಕೊಂಡು ಬಂತು. ಹಿಂದಿನ ದಿನವೇ ಅಪ್ಪ ಗೌಂಡಿಯನ್ನು ಕರೆಸಿ ಮುಂದಿನ ಬಾಗಿಲು ಒಡೆಸಿ ಅಗಲ ಮಾಡಿಸಿದ್ದ. ಮಳೆಗಾಲಕ್ಕೆ ಮುಂಚೆ ಗೋಡೆ ರಿಪೇರಿ ಎಂದು ಅವ್ವನಿಗೆ ಹೇಳಿದ್ದ. ಲಾರಿಯ ಬಾಲಕ್ಕೂ ನಮ್ಮ ಹೊಸ್ತಿಲಿಗೂ ದಪ್ಪ ಹಲಗೆ ಹಾಕಿ, ರಸ್ತೆಯನ್ನು ಮುಟ್ಟಿಸದೆ, ಕಾರನ್ನು ಹಿಂದುಮುಂದಾಗಿ ಒಳಗೆ ಇಳಿಸಿದರು. ಇಳಿಸಿದವರು ಯಾರು? ಅದೇ ಹಮಾಲರು. ಅವರ ಮುಂದಾಳು ಮಾಣಿಕಪ್ಪ. ನಾನು ಅವನನ್ನು ಮಾಣಿಕ ಮಾಮಾ ಎನ್ನುತ್ತಿದ್ದೆ. ತಲೆಗೆ ಕೆಂಪು ರುಮಾಲು, ಬಾಗಿಲು ತುಂಬುವಷ್ಟು ಮೈ. ಕೆಲಸ ಮುಗಿದ ಮೇಲೆ ಬೆವರು ಒರೆಸಿಕೊಂಡು ಉಣ್ಣಲು ಕೂರಬೇಕೆಂದು ನೋಡಿದರೆ ಕೂರುವ ಜಾಗದಲ್ಲಿ ತಾನೇ ಇಳಿಸಿದ ಕಾರು ನಿಂತಿದೆ.

“ಗುಮಾಸ್ತ ಸಾಹೇಬ್ರ, ಇನ್ನ ನಾವು ಎಲ್ಲಿ ಕುಂದ್ರಬೇಕ್ರಿ?” ಎಂದ.

“ಹಿಂದ ಹಿತ್ತಲ ಅದ ಅಲ್ಲೋ. ದೊಡ್ಡ ಜಾಗಾ ಅದ.”

“ಮತ್ತ ಅಕ್ಕಾನ ಒಲಿ?”

“ಒಲಿ ಏನ್ ಓಡಿ ಹೋಗ್ತದೇನು? ಅದೂ ಹಿಂದ ಹೋಗ್ತದ.”

ಅವ್ವ ಕೈಗೆ ಹತ್ತಿದ ಹಿಟ್ಟು ತೊಳೆದುಕೊಳ್ಳದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪನನ್ನು ನೋಡದೆ ಕಾರನ್ನೇ ನೋಡುತ್ತ ಕೇಳಿದಳು.

“ಇದು ಓಡ್ತದೇನ್ರಿ?”

“ನೋಂದಣಿ ಆಗಲಿ. ಆಮ್ಯಾಲ ಓಡ್ತದ. ಅಲ್ಲೀತನಕ ಮನ್ಯಾಗ ಇಟ್ರ ಕಾಯ್ದೆ ಪ್ರಕಾರ ಯಾರೂ ಏನೂ ಅನ್ನಂಗಿಲ್ಲ.”

“ಮನ್ಯಾಗ ಇರೋ ಮಂದಿ ಅನ್ನಬಹುದಲ್ರಿ?”

ಆ ಪ್ರಶ್ನೆಗೆ ಅವನ ಕಾಯ್ದೆಯಲ್ಲಿ ಕಲಮು ಇರಲಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ಜಗಳವೇ ಹವಾಮಾನವಾಯಿತು. ಹಿತ್ತಿಲಿನಲ್ಲಿ ನಾಲ್ಕು ಬೊಂಬು ನೆಟ್ಟು, ತಗಡು ಹೊದಿಸಿ, ಅವ್ವ ಒಲೆ ಹೂಡಿದಳು. ಬೇಸಿಗೆಯಲ್ಲಿ ತಗಡಿನ ಕೆಳಗೆ ಅವಳೇ ಬೇಯುತ್ತಿದ್ದಳು. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿ ಹೊಗೆ ಇಡೀ ಮನೆ ತುಂಬುತ್ತಿತ್ತು. ಆಯಿಯ ಕಣ್ಣು ಸದಾ ಕೆಂಪು. ಹಮಾಲರು ಬರಬೇಕಾದರೆ ಕಾರಿನ ಪಕ್ಕದ ಸಂದಿಯಲ್ಲಿ ನುಸುಳಬೇಕು, ಮತ್ತು ಅವರ ಅಂಗಿಯ ಗುಂಡಿ ಬಣ್ಣಕ್ಕೆ ತಾಗಿದರೆ ಅಪ್ಪನ ಕೈಯಲ್ಲಿ ಬೈಸಿಕೊಳ್ಳಬೇಕು. ಮಾಣಿಕ ಮಾಮಾನಂಥ ಮೈಯವರಿಗೆ ಅದು ಆಗುವ ಮಾತೇ ಅಲ್ಲ. ಅವನು ಓಣಿಯಲ್ಲಿ ನಿಂತು ಕೂಗುತ್ತಿದ್ದ, ನಾನು ರೊಟ್ಟಿ ಕಟ್ಟಿಕೊಂಡು ಹೋಗಿ ಕೊಡುತ್ತಿದ್ದೆ. ಹಸಿದು ಬಂದ ಮನುಷ್ಯ ಗೋಡೆಗೆ ಆತು ನಿಂತು ಉಣ್ಣುತ್ತಿದ್ದ. ಒಬ್ಬೊಬ್ಬರೇ ಬರುವುದು ಬಿಟ್ಟರು. ಗಂಜಿನ ಹತ್ತಿರವೇ ಬೇರೆ ಖಾನಾವಳಿ ಶುರುವಾಗಿತ್ತು, ಅಲ್ಲಿ ಕೂರಲು ಬೆಂಚು ಇದ್ದವು. ಅವ್ವನ ರೊಟ್ಟಿ ಬುಟ್ಟಿ ವರ್ಷದಿಂದ ವರ್ಷಕ್ಕೆ ಸಣ್ಣದಾಯಿತು, ಅವ್ವನ ಮಾತು ಖಾರವಾಯಿತು. ಒಲೆ ಮತ್ತೆ ಮುಂದೆ ಬರದಿದ್ದರೆ ನನ್ನ ಸಾಲಿ ಬಿಡಿಸಬೇಕಾಗುತ್ತದೆ ಎಂದು ಆಯಿಯ ಮುಂದೆ ಅವಳು ಹೇಳುವುದನ್ನು ನಾನು ಕೇಳಿಸಿಕೊಂಡೆ. ಆ ದಿನದಿಂದ ಆ ಕಾರು ನನ್ನ ವೈರಿ. ಹೋಗುವಾಗ ಬರುವಾಗ ಯಾರೂ ನೋಡದಿದ್ದರೆ ಅದರ ಗಾಲಿಗೆ ಒಂದು ಒದೆ ಕೊಟ್ಟೇ ಹೋಗುತ್ತಿದ್ದೆ.

ವಿಚಿತ್ರವೆಂದರೆ ನಾನು ಓದಬೇಕಾದದ್ದು ಆ ವೈರಿಯ ಹೊಟ್ಟೆಯೊಳಗೆ. ಹಿತ್ತಿಲು ಹೊಗೆ, ಅಡುಗೆಮನೆ ಇಕ್ಕಟ್ಟು; ಬೆಳಕಿದ್ದದ್ದು ಮುಂದಿನ ಕೋಣೆಯಲ್ಲಿ. ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು ಮಗ್ಗಿ, ನಕಾಶೆ, ಪದ್ಯ ಎಲ್ಲ ಅಲ್ಲೇ ಬಾಯಿಪಾಠ ಮಾಡಿದೆ. ಮೈಗೆ ಕುರಿಯ ವಾಸನೆ ಹತ್ತುತ್ತಿತ್ತು, ಸಾಲಿಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಭಾಲ್ಕಿಯಿಂದ ಅವ್ವನ ಅಣ್ಣ, ನನ್ನ ಸೋದರಮಾವ, ಬಂದಾಗ ಅಪ್ಪ ಅವನನ್ನೂ ಕಾರಿನಲ್ಲೇ ಕೂರಿಸಿ, ಕಿಟಕಿಯಿಂದ ಚಹಾ ಕೊಡಿಸಿದ. ಮಾವ ಕಪ್ಪು ಹಿಡಿದುಕೊಂಡು ಎದುರಿನ ಬಾಗಿಲನ್ನು ನೋಡಿದ. “ಬೀಗರ, ಗಾಡಿ ಯಾವಾಗ ಬಿಡ್ತದ್ರಿ?” ಎಂದ. ಅವ್ವ ಒಳಗಿನಿಂದ ಜೋರಾಗಿ ನಕ್ಕಳು. ಅದು ಒಳ್ಳೆಯ ನಗು ಅಲ್ಲ.

ಅಪ್ಪನ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಾನು ಬರೀ ಬಾಯಿಬಡುಕಿ ಆಗುತ್ತೇನೆ. ಸಂಜೆ ಕೋರ್ಟಿನಿಂದ ಬಂದು, ಅಂಗಿ ಬಿಚ್ಚದೆ, ಅವನು ಸ್ಟೇರಿಂಗ್ ಹಿಡಿದು ಕೂರುತ್ತಿದ್ದ. ಮುಂದೆ ದೊಡ್ಡ ಬಾಗಿಲು ತೆರೆದಿರುತ್ತಿತ್ತು. ಓಣಿಯಲ್ಲಿ ಹೋಗುವವರು ನೋಡಬೇಕು, ಬೀರಪ್ಪ ಗುಮಾಸ್ತ ಕಾರಿನಲ್ಲಿ ಕೂತಿದ್ದಾನೆ. ಬೆಳಗಿನಿಂದ ಇನ್ನೊಬ್ಬರ ಫೈಲು ಹೊತ್ತು, ಇನ್ನೊಬ್ಬರ ಹಿಂದೆ ಓಡಿ, ಕೂರಲು ಕುರ್ಚಿ ಸಿಗದೆ ಗೋಡೆಗೆ ಆತು ನಿಂತ ಕುರುಬರ ಮಗನಿಗೆ ಅದೊಂದು ಆಸೆ. ನನಗದು ಆಗಲೇ ಅರ್ಥವಾಗಿತ್ತು. ಅರ್ಥವಾಯಿತೆಂದು ಸಿಟ್ಟು ಇಳಿಯುತ್ತದೆಯೇ? ಅವನ ಕುರ್ಚಿಗಾಗಿ ನಮ್ಮವ್ವನ ಮಣೆ ಎಳೆದದ್ದು ಯಾವ ನ್ಯಾಯ?

ನೋಂದಣಿ ಮಾತ್ರ ಆಗಲಿಲ್ಲ. ಗಡಿಯಾಚೆಯ ಕಚೇರಿಯಿಂದ ಒಪ್ಪಿಗೆ ಬೇಕು, ಹಳೆಯ ಮಾಲಕನ ಸಹಿ ಬೇಕು, ಔರಾದದ ಗುತ್ತೇದಾರ ಸತ್ತುಹೋಗಿದ್ದ. ಮುಂದಿನ ವರ್ಷ, ಮುಂದಿನ ವರ್ಷ. ಗುಜರಿಗೆ ಹಾಕೋಣವೆಂದರೆ ಅಪ್ಪನಿಗೆ ಅವಮಾನ. ಊರಿಗೆ ಕಳಿಸೋಣವೆಂದರೆ ದೊಡ್ಡಪ್ಪ ನಗುತ್ತಾನೆ. ಕೊನೆಗೆ ಓಣಿಯವರಲ್ಲೇ ಯಾರೋ ಪೊಲೀಸರಿಗೆ ಹೇಳಿದರು, ಗುಮಾಸ್ತರ ಮನೆಯಲ್ಲಿ ಕಳವಿನ ಗಾಡಿ ಇದೆ ಎಂದು. ಒಬ್ಬ ಜಮಾದಾರ ಸೈಕಲ್ ಏರಿ ಬಂದ. ಮೀಸೆ ನರೆತ, ಬೊಜ್ಜು ಬಂದ, ಮಾತಿನಲ್ಲಿ ಮೆತ್ತಗಿನ ಮನುಷ್ಯ. ಅಪ್ಪನಿಗೆ ಅವತ್ತು ಹಬ್ಬ. ಜಮಾದಾರನನ್ನು ಸಂದಿಯಲ್ಲಿ ನಿಲ್ಲಿಸಿಕೊಂಡು ಕಲಮಿನ ಮೇಲೆ ಕಲಮು ಹೇಳಿದ.

“ನೋಡ್ರಿ ಜಮಾದಾರ ಸಾಹೇಬ್ರ, ಕಾಯ್ದೆ ಏನಂತದ? ನೋಂದಣಿ ಇಲ್ದ ಗಾಡಿ ಸಾರ್ವಜನಿಕ ಜಾಗಾದಾಗ ಓಡಸಬಾರ್ದು. ಇದು ನನ್ನ ಮನಿ. ಇದು ನನ್ನ ಪರಸಿ ಹಾಸಿದ ನೆಲ. ಗಾಲಿ ನೆಲಕ್ಕೂ ತಾಗಿಲ್ಲ, ಕಲ್ಲಿನ ಮ್ಯಾಲ ಏರಿಸಿಟ್ಟೀನಿ. ಹೇಳ್ರಿ, ಎಲ್ಲಿ ತಪ್ಪದ?”

ಜಮಾದಾರ ಬಗ್ಗಿ ನೋಡಿದ. ಟೈರು ಕೆಡಬಾರದೆಂದು ಅಪ್ಪ ಕಾರನ್ನು ನಿಜವಾಗಿಯೂ ಕಲ್ಲುಗಳ ಮೇಲೆ ಕೂರಿಸಿದ್ದ. ಪಾಲಿನ ಹಿರಿಯರು ಬರೆದುಕೊಟ್ಟ ಕಾಗದವನ್ನೂ ತಂದು ತೋರಿಸಿದ.

“ತಪ್ಪಿಲ್ರಿ. ಮನ್ಯಾಗ ಇರೋತನಕ ನಾ ಏನೂ ಅನ್ನಂಗಿಲ್ಲ. ಖರೆ ಒಂದು ಮಾತು, ರಸ್ತಾ ಮ್ಯಾಲ ಕಂಡ್ರ ಬಿಡಂಗಿಲ್ಲ ನೋಡ್ರಿ, ಎಳಕೊಂಡು ಹೋಗೋನೇ.”

“ಅದು ಬರೋಬ್ಬರಿ ಕಾಯ್ದೆ!” ಎಂದು ಅಪ್ಪ ಅವನ ಬೆನ್ನು ತಟ್ಟಿದ.

ಅವ್ವ ಜಮಾದಾರನಿಗೆ ನೀರು ಕೊಡಲು ಬಂದವಳು ತಂಬಿಗೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಜಮಾದಾರ ಹೋದ ಮೇಲೂ ನಿಂತಿದ್ದಳು. ಅವತ್ತು ಸಂಜೆ ಅವಳು ಯಾರ ಮೇಲೂ ರೇಗಲಿಲ್ಲ. ನನಗೆ ಅದೇ ಹೆದರಿಕೆಯಾಯಿತು.

ಆ ಕಾರು ವರ್ಷಕ್ಕೊಮ್ಮೆ ಕಲ್ಲಿನಿಂದ ಕೆಳಗೆ ಇಳಿಯುತ್ತಿತ್ತು, ದಸರೆಗೆ. ಗಾಡಿ ಇದ್ದ ಮೇಲೆ ಪೂಜೆ ಬೇಡವೇ? ಪೂಜೆ ಎಂದ ಮೇಲೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕು, ಗಾಡಿ ಮುಂದೆ ಹೋಗಿ ಅವನ್ನು ಅಪ್ಪಚ್ಚಿ ಮಾಡಬೇಕು. ಎಂಜಿನ್ ಸತ್ತ ಕಾರಿಗೆ ಅದು ಹೇಗೆ ಸಾಧ್ಯ? ಮಾಣಿಕ ಮಾಮಾ ಮತ್ತು ಅವನ ಜನ ಬರುತ್ತಿದ್ದರು. ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಗಂಜಿನಲ್ಲಿ ತಮ್ಮ ತಕ್ಕಡಿ, ಕೈಗಾಡಿಗಳ ಪೂಜೆ ಮುಗಿಸಿ, ಮಾರನೆಯ ದಿನ ನಮ್ಮ ಮನೆಗೆ. ಒಂದೊಂದೇ ಮೂಲೆ ಎತ್ತಿ ಕಲ್ಲು ಸರಿಸುವರು. ಮುಂದಿನ ಗಾಲಿಗಳಿಗೆ ಇಟ್ಟಿಗೆ ಅಡ್ಡ ಇಟ್ಟು, ಸಣ್ಣ ಮೈಯವರು ಸಂದಿಯಲ್ಲಿ ನುಸುಳಿ ಹಿಂದಿನಿಂದ ದಬ್ಬುವರು, ಮಾಣಿಕ ಮಾಮಾ ಬಾಗಿಲ ಕಡೆಯಿಂದ ಎಳೆಯುವನು. ಕಾರು ಒಂದು ಗೇಣು ಮುಂದೆ ಹೋಗಿ, ನಿಂಬೆಹಣ್ಣು ಚಿಟ್ಟೆಂದು ಒಡೆದು, ಇಟ್ಟಿಗೆಗೆ ತಾಗಿ ನಿಲ್ಲುವುದು. ಅಪ್ಪ ಕೈ ಮುಗಿಯುವನು. ಮತ್ತೆ ಹಿಂದೆ ದಬ್ಬಿ, ಮತ್ತೆ ಕಲ್ಲಿನ ಮೇಲೆ. ಹೊಸ್ತಿಲಿನಿಂದ ರಸ್ತೆಗೆ ಅಪ್ಪ ಒಂದು ಇಳಿಜಾರನ್ನೂ ಸಿಮೆಂಟಿನಲ್ಲಿ ಮಾಡಿಸಿದ್ದ, ಮುಂದೊಂದು ದಿನ ನಂಬರ್ ಸಿಕ್ಕಾಗ ಕಾರು ಗತ್ತಿನಿಂದ ಇಳಿದು ಹೋಗಲಿ ಎಂದು.

ಆ ವರ್ಷದ ದಸರೆಗೆ ಅವ್ವ ಬೆಳಕು ಹರಿಯುವ ಮೊದಲೇ ಎದ್ದು ರೊಟ್ಟಿ ಬಡಿಯಲು ಕೂತಳು. ಹಬ್ಬಕ್ಕೆ ಹೋಳಿಗೆ ಮಾಡುವುದು ಬಿಟ್ಟು ಇಷ್ಟೊಂದು ರೊಟ್ಟಿ ಯಾಕೆಂದು ಆಯಿ ಕೇಳಿದಳು. “ಗಂಜಿನ ಅಣ್ಣಂದಿರು ಬರ್ತಾರ, ಅವರಿಗೂ ಹಬ್ಬ ಅಲ್ಲೇನ್ರಿ ಅತ್ತಿ?” ಎಂದಳು. ಬುಟ್ಟಿಯ ಮೇಲೆ ಬುಟ್ಟಿ ಏರಿತು. ನಾನು ಶೇಂಗಾ ಕುಟ್ಟಿದೆ. ಹೊತ್ತು ಏರಿದ ಮೇಲೆ ಮಾಣಿಕ ಮಾಮಾ ತನ್ನವರನ್ನೆಲ್ಲ ಕರೆದುಕೊಂಡು ಬಂದ. ಬೇರೆ ವರ್ಷಗಳಿಗಿಂತ ಬಹಳ ಜನ, ಅವ್ವನ ಖಾನಾವಳಿ ಬಿಟ್ಟುಹೋಗಿದ್ದವರೂ ಇದ್ದರು. ಅಪ್ಪನಿಗೆ ಖುಷಿಯೋ ಖುಷಿ. ತನ್ನ ಕಾರಿನ ಪೂಜೆಗೆ ಇಷ್ಟು ಮಂದಿ ಬಂದರಲ್ಲ ಎಂದು.

ಕಲ್ಲು ಸರಿಸಿದರು, ಕಾರು ನೆಲಕ್ಕೆ ಬಂತು, ಕುಂಕುಮ ಹಚ್ಚಿದರು, ಚೆಂಡುಹೂವಿನ ಮಾಲೆ ಹಾಕಿದರು. ಅಪ್ಪ ತೆಂಗಿನಕಾಯಿ ಹಿಡಿದು ಮುಂದೆ ನಿಂತ. ಆರತಿ ತಟ್ಟೆ ಹಿಡಿದ ಅವ್ವ ಗಾಲಿಗಳ ಮುಂದೆ ಬಗ್ಗಿ ನಿಂಬೆಹಣ್ಣು ಇಟ್ಟಳು. ಏಳುವಾಗ ಅಡ್ಡ ಇಟ್ಟಿದ್ದ ಇಟ್ಟಿಗೆಗಳನ್ನು, ಕದ್ದುಮುಚ್ಚಿ ಏನೂ ಅಲ್ಲ, ಎಲ್ಲರೂ ನೋಡುವಂತೆ ಎತ್ತಿ ಗೋಡೆಯ ಬದಿಗೆ ಇಟ್ಟಳು. ನೋಡದೆ ಹೋದವನು ಅಪ್ಪ ಒಬ್ಬನೇ, ಅವನು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದ. ಅವ್ವ ಬದಿಗೆ ಸರಿದು ಮಾಣಿಕ ಮಾಮಾನನ್ನು ನೋಡಿದಳು.

“ದಬ್ಬರಿ ಮಾಣಿಕಣ್ಣ.”

ಮಾಣಿಕ ಮಾಮಾ ಇಟ್ಟಿಗೆ ನೋಡಿದ, ಅಪ್ಪನನ್ನು ನೋಡಿದ. “ಎಲ್ಲೀತನಕ ಅಕ್ಕಾ?”

“ಪೂರಾ.”

ಚೀಲ ಎತ್ತುವಾಗ ಹಾಕುವ ಕೂಗು ಹಾಕಿ ಅವರೆಲ್ಲ ಒಮ್ಮೆಲೇ ದಬ್ಬಿದರು. ಅಪ್ಪ ಕಣ್ಣು ಬಿಟ್ಟಾಗ ಕಾರು ಅವನ ಮೊಣಕಾಲಿನ ಹತ್ತಿರ ಬಂದಿತ್ತು. ಪಕ್ಕಕ್ಕೆ ಹಾರಿದ. ನಿಂಬೆಹಣ್ಣು ಒಡೆದವು, ಕಾರು ಹೊಸ್ತಿಲು ದಾಟಿತು, ಇಳಿಜಾರಿನಲ್ಲಿ ತಾನಾಗಿಯೇ ಉರುಳಿತು. “ಏ ಸಾಕು, ಸಾಕಲೇ, ಹಿಡೀರಿ!” ಎಂದು ಅಪ್ಪ ತೆಂಗಿನಕಾಯಿ ಹಿಡಿದುಕೊಂಡೇ ಅದರ ಹಿಂದೆ ಓಡಿದ. ಕಾರು ಅವನ ಮಾತು ಕೇಳಲಿಲ್ಲ. ಓಣಿಯ ನಡುವೆ, ರಸ್ತೆಗೆ ಅಡ್ಡವಾಗಿ, ಎದುರು ಮನೆಯ ಕಟ್ಟೆಗೆ ಮೂತಿ ತಾಗಿಸಿ ನಿಂತಿತು. ಹೊರಗಿನ ಬಿಸಿಲಲ್ಲಿ ಅದು ಎಷ್ಟು ಮುದಿಯಾಗಿ, ಎಷ್ಟು ಸಣ್ಣದಾಗಿ ಕಂಡಿತೆಂದರೆ, ಇದಕ್ಕೇ ನಾವು ಇಷ್ಟು ವರ್ಷ ಹೆದರಿದೆವೇ ಎಂದು ನನಗೆ ನಾಚಿಕೆಯಾಯಿತು.

ಬನ್ನಿ ಮರಕ್ಕೆ ಹೋಗುವ ದೇವರ ಪಲ್ಲಕ್ಕಿ ಮಧ್ಯಾಹ್ನದ ಮೇಲೆ ನಮ್ಮ ಓಣಿಯಲ್ಲೇ ಹಾಯುತ್ತಿತ್ತು. ಅದರ ಬಂದೋಬಸ್ತಿಗೆ ಅದೇ ನರೆತ ಮೀಸೆಯ ಜಮಾದಾರ ಓಣಿಯ ಬಾಯಿಗೆ ನಿಂತಿದ್ದ. ಗದ್ದಲ ಕೇಳಿ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ, ನಂಬರ್ ಪ್ಲೇಟು ಇರಬೇಕಾದ ಜಾಗವನ್ನು ನೋಡಿ, ತಲೆ ಕೆರೆದುಕೊಂಡ. ಅವನು ಮೆತ್ತಗಿನ ಮನುಷ್ಯ ಎಂದೆನಲ್ಲ.

“ಗುಮಾಸ್ತ ಸಾಹೇಬ್ರ, ಹಬ್ಬದ ದಿನ ಅದ. ನಾ ಏನೂ ನೋಡಿಲ್ಲ. ಪಲ್ಲಕ್ಕಿ ಬರೋದ್ರಾಗ ಒಳಗ ದಬ್ಬಿಸಿಬಿಡ್ರಿ. ಬಂದ ಮ್ಯಾಲ ಮಾತ್ರ ನನ್ನ ಕೈಯಾಗ ಇಲ್ಲ.”

ಅಪ್ಪನಿಗೆ ಜೀವ ಬಂತು. ಹಮಾಲರನ್ನು ಕರೆಯಲು ತಿರುಗಿ ನೋಡಿದ. ರಸ್ತೆಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಮುಂದಿನ ಕೋಣೆಯಲ್ಲಿ, ಗೋಡೆಯುದ್ದಕ್ಕೂ, ಕಾಲು ಮಡಚಿ, ರುಮಾಲು ತೊಡೆಯ ಮೇಲೆ ಹಾಕಿಕೊಂಡು, ಸಾಲಾಗಿ ಕೂತಿದ್ದರು. ನಡುವೆಯೂ ಎರಡು ಸಾಲು. ಅವ್ವ ಬುಟ್ಟಿ ಹಿಡಿದು ರೊಟ್ಟಿ ಹಾಕುತ್ತಿದ್ದಳು. ನಾನು ಚಟ್ನಿಯ ಬೋಗುಣಿ ಹಿಡಿದು ಅವಳ ಹಿಂದೆ.

“ಏಳ್ರೋ! ಮೊದಲ ಗಾಡಿ ಒಳಗ ಹಾಕ್ರಿ, ಆಮ್ಯಾಲ ಉಣ್ರಿ!” ಅಪ್ಪ ಬಾಗಿಲಲ್ಲಿ ನಿಂತು ಕಿರುಚಿದ.

ಮಾಣಿಕ ಮಾಮಾ ತುತ್ತು ಕೈಯಲ್ಲಿ ಹಿಡಿದುಕೊಂಡು ಏಳಲು ನೋಡಿದ. ಇಷ್ಟು ಹೊತ್ತೂ ಒಳಬಾಗಿಲಲ್ಲಿ ಕೂತು ನೋಡುತ್ತಿದ್ದ ಆಯಿ ಕೋಲು ನೆಲಕ್ಕೆ ಬಡಿದಳು. ಈ ಮುದುಕಿ ಅಲ್ಲಿಯವರೆಗೆ ಒಮ್ಮೆಯೂ ಸೊಸೆಯ ಪರವಾಗಿ ಮಾತಾಡಿದವಳಲ್ಲ.

“ಏ ಬೀರ್ಯಾ! ಉಣ್ಣೋರನ್ನ ಎಬ್ಬಸ್ತೀಯೇನೋ? ತಾಟಿನ ಮುಂದ ಕುಂತ ಮನಷ್ಯಾನ ಎಬ್ಬಸಿದ ಮನಿ ನಮ್ಮದಲ್ಲ. ನಿಮ್ಮಪ್ಪ ವೈರಿ ಬಂದು ಕುಂತ್ರೂ ಉಂಡು ಏಳೋತನಕ ಕಾದಾನ. ತಡಿ.”

ನಮ್ಮ ಕಡೆ ಇದಕ್ಕೆ ಎದುರಾಡುವಂತಿಲ್ಲ. ಉಣ್ಣಲು ಕೂತವನನ್ನು ಅರ್ಧಕ್ಕೆ ಎಬ್ಬಿಸಿದರೆ ಆ ಮನೆಯ ಅನ್ನಕ್ಕೆ ಯಾರೂ ಬರುವುದಿಲ್ಲ. ಹಬ್ಬದ ದಿನವಂತೂ ಕೇಳಲೇ ಬೇಡಿ. ಅಪ್ಪ ಬಾಗಿಲಲ್ಲೇ ನಿಂತ. ಹಮಾಲರು ಉಂಡರು. ಬೇಳೆ ಬಂತು, ಪಲ್ಯ ಬಂತು, ಇನ್ನೊಂದು ರೊಟ್ಟಿ, ಇನ್ನೊಂದು ರೊಟ್ಟಿ. ಒಬ್ಬ ಏಳುವಷ್ಟರಲ್ಲಿ ಗಂಜಿನಿಂದ ತಡವಾಗಿ ಬಂದ ಇನ್ನೊಬ್ಬ ಅವನ ಜಾಗದಲ್ಲಿ ಕೂರುತ್ತಿದ್ದ. ಕೋಣೆ ಖಾಲಿಯೇ ಆಗಲಿಲ್ಲ. ಅಪ್ಪ ಒಬ್ಬನೇ ಹೋಗಿ ಕಾರಿಗೆ ಭುಜ ಕೊಟ್ಟು ನೋಡಿದ, ಅದು ಅಲ್ಲಾಡಲಿಲ್ಲ. ಓಣಿಯವರನ್ನು ಕೂಗಿದ, ಅವರು ಕಟ್ಟೆಯ ಮೇಲೆ ಕೂತು ನೋಡಿದರು, ಒಬ್ಬರೂ ಇಳಿಯಲಿಲ್ಲ. ಅವ್ವ ಬಾಗಿಲಿಗೆ ಬಂದು ಜಮಾದಾರನನ್ನೂ ಕರೆದಳು.

“ಬರ್ರಿ ಅಣ್ಣಾ, ಮುಂಜಾನಿಯಿಂದ ನಿಂತೀರಿ. ನಾಲ್ಕು ತುತ್ತು ಉಂಡು ಹೋಗ್ರಿ.”

ಅವನು ಟೋಪಿ ತೆಗೆದು, ಕೈ ತೊಳೆದು, ಮಾಣಿಕ ಮಾಮಾನ ಪಕ್ಕದಲ್ಲಿ ಕೂತು ಉಂಡ. ಪುಂಡಿ ಪಲ್ಯ ಎರಡು ಸಲ ಹಾಕಿಸಿಕೊಂಡ. ಅವನು ನೀರು ಕುಡಿಯುವಾಗ ದೂರದಲ್ಲಿ ಹಲಗಿ ವಾದ್ಯದ ಸಪ್ಪಳ ಕೇಳಿಸಿತು. ಪಲ್ಲಕ್ಕಿ ಹೊರಟಿತ್ತು. ಜಮಾದಾರ ಎದ್ದು, ಟೋಪಿ ಇಟ್ಟುಕೊಂಡು, ಅಪ್ಪನ ಮುಖ ನೋಡದೆ ಹೊರಗೆ ಹೋಗಿ ಒಂದು ಟ್ರ್ಯಾಕ್ಟರ್ ನಿಲ್ಲಿಸಿದ. ಮಾಲೆ ಹಾಕಿಕೊಂಡಿದ್ದ ಕಾರನ್ನು ಸರಪಳಿ ಕಟ್ಟಿ ಎಳೆದುಕೊಂಡು ಹೋದರು. ಪಲ್ಲಕ್ಕಿ ಬರುವ ಹೊತ್ತಿಗೆ ರಸ್ತೆ ಚೊಕ್ಕಟವಾಗಿತ್ತು.

ಸಂಜೆ ಎಲ್ಲರೂ ಬನ್ನಿ ಎಲೆ ಹಿಡಿದು ಒಬ್ಬರಿಗೊಬ್ಬರು ಕೊಟ್ಟು, ಬಂಗಾರದ ಹಾಗೆ ಇರೋಣ ಎನ್ನುವ ಹೊತ್ತು. ಅವ್ವ ಅಪ್ಪನ ಮುಂದೆ ಬಂದು ಎಲೆ ಹಿಡಿದಳು. ಅಪ್ಪ ಕೈ ಚಾಚಲಿಲ್ಲ.

“ಬೇಕಂತಲೇ ದಬ್ಬಸಿದಿ.”

“ಹೌದ್ರಿ, ಬೇಕಂತಲೇ ದಬ್ಬಸೀನಿ,” ಎಂದಳು ಅವ್ವ. “ಬನ್ನಿ ತಗೋತೀರೋ ಇಲ್ಲೋ ಹೇಳ್ರಿ. ನನಗ ಒಲಿ ಹೂಡೋದದ.”

ಅವನು ತೆಗೆದುಕೊಳ್ಳಲಿಲ್ಲ. ಅವಳು ಎಲೆಗಳನ್ನು ಅವನ ಪಕ್ಕದ ಕಿಟಕಿಯಲ್ಲಿ ಇಟ್ಟು, ಸೆರಗು ಸಿಕ್ಕಿಸಿಕೊಂಡು, ಹಿತ್ತಿಲಿನ ಒಲೆ ಕಿತ್ತು ಮುಂದೆ ತರಲು ಹೋದಳು. ದಂಡ ಕಟ್ಟಿ ಕಾರು ಬಿಡಿಸಿಕೊಳ್ಳಬಹುದಿತ್ತು. ಆದರೆ ಅದಕ್ಕೆ, ನನ್ನ ಗಾಡಿ ರಸ್ತೆಯಲ್ಲಿ ಸಿಕ್ಕಿತು ಎಂದು ಅಪ್ಪ ಸಹಿ ಹಾಕಬೇಕಿತ್ತು. ನನ್ನ ಗಾಡಿ ಮನೆಯಲ್ಲೇ ಇತ್ತು, ಅದನ್ನು ಹೊರಗೆ ಹಾಕಿದವರು ಬೇರೆ ಎಂದು ಅವನ ವಾದ. ಹಾಕಿದವರು ಯಾರು ಎಂದು ಕೇಳಿದರೆ ಹೆಂಡತಿಯ ಹೆಸರು ಹೇಳಬೇಕು, ಅದನ್ನೂ ಹೇಳಲಾರ. ಠಾಣೆಯ ಹಿಂದೆ, ಮುರಿದ ಸೈಕಲ್ಲುಗಳ ನಡುವೆ ಅದು ತುಕ್ಕು ಹಿಡಿಯಿತು. ಕುರಿಯ ವಾಸನೆ ಮಾತ್ರ ನಮ್ಮ ಕೋಣೆಯಲ್ಲಿ ಬಹಳ ದಿನ ಇತ್ತು. ರೊಟ್ಟಿಯ ಹೊಗೆ ಅದನ್ನು ನಿಧಾನಕ್ಕೆ ಓಡಿಸಿತು.

ಅಪ್ಪ ಬಹಳ ದಿನ ಮುಂದಿನ ಕೋಣೆಗೆ ಕಾಲಿಡಲಿಲ್ಲ. ಪಕ್ಕದ ಮನೆಯವರ ಹಿತ್ತಿಲು ದಾಟಿ ಹಿಂಬಾಗಿಲಿನಿಂದ ಬರುವುದು, ಹಿಂಬಾಗಿಲಿನಿಂದ ಹೋಗುವುದು. ಅಡುಗೆಮನೆಯಲ್ಲಿ ತಾನೇ ತಾಟು ಹಾಕಿಕೊಂಡು ಕೂರುತ್ತಿದ್ದ, ಬುಟ್ಟಿಯಲ್ಲಿ ಉಳಿದದ್ದು ತಿನ್ನುತ್ತಿದ್ದ. ಅವ್ವ ಅಲ್ಲಿಗೆ ಬಡಿಸಲು ಹೋಗಲಿಲ್ಲ. ನಾನು ಸಾಲಿ ಬಿಡಲಿಲ್ಲ; ಮಧ್ಯಾಹ್ನ ಸಾಲಿಯಿಂದ ಓಡಿ ಬಂದು, ಚಟ್ನಿ ಬಡಿಸಿ, ಮತ್ತೆ ಓಡುತ್ತಿದ್ದೆ. ಚಳಿಗಾಲದ ಒಂದು ದಿನ, ತೊಗರಿಯ ಸುಗ್ಗಿ, ಗಂಜಿನಿಂದ ಹೊಸ ಹೊಸ ಜನ ಬಂದು ಕೋಣೆ ಕಿಕ್ಕಿರಿದಿತ್ತು. ಅಡುಗೆಮನೆಯ ಬುಟ್ಟಿಯಲ್ಲಿ ಒಂದು ರೊಟ್ಟಿಯೂ ಉಳಿದಿರಲಿಲ್ಲ. ಕೋರ್ಟಿನಿಂದ ಹಸಿದು ಬಂದ ಅಪ್ಪ ಎಲ್ಲ ಪಾತ್ರೆ ತೆರೆದು ನೋಡಿ, ಕೊನೆಗೆ ಸುತ್ತು ಹಾಕಿಕೊಂಡು ಬಂದು ಮುಂದಿನ ಬಾಗಿಲಲ್ಲಿ ನಿಂತ. ಎಷ್ಟು ಬಡವಾಗಿದ್ದ ಎಂದು ನನಗೆ ಆಗ ಕಂಡಿತು. ಅವ್ವ ರೊಟ್ಟಿ ಬಡಿಯುತ್ತಲೇ ತಲೆ ಎತ್ತಿದಳು.

“ಪಂಕ್ತಿ ಏಳಲಿ. ಆಮ್ಯಾಲ ಕುಂದ್ರಾಕ ಬರ್ರಿ.”

ಕೆಲವರು ಸರಿದು ಜಾಗ ಮಾಡಲು ನೋಡಿದರು. ಅವ್ವ ಬೇಡವೆಂದು ಕೈ ಮಾಡಿದಳು. ಅಪ್ಪ ಇಳಿಜಾರಿನ ಮೇಲೆ, ತಮ್ಮ ಸರದಿಗೆ ಕಾದು ನಿಂತ ಹಮಾಲರ ಹಿಂದೆ, ಫೈಲು ಎದೆಗೆ ಹಿಡಿದುಕೊಂಡು ನಿಂತ. ಚಟ್ನಿಯ ಬೋಗುಣಿ ನನ್ನ ಕೈಯಲ್ಲಿತ್ತು. ನಾನು ಬೇಗ ಬೇಗ ಬಡಿಸಿದ್ದರೆ ಸಾಲು ಬೇಗ ಏಳುತ್ತಿತ್ತು. ನಾನು ಅವಸರ ಮಾಡಲಿಲ್ಲ.